ಎಸ್ಟಾಪೆಲ್ ನಿಮ್ಮ ಕೇಸಿಗೆ ಹೊಂದುತ್ತದಾ? ನೋಡುವುದು ಹೀಗೆ

ಒಬ್ಬರು ಒಂದು ಮಾತು ಕೊಟ್ಟರು. ನೀವು ನಂಬಿ ದುಡ್ಡು ಸುರಿದಿರಿ. ಆಮೇಲೆ ಅವರು ಉಲ್ಟಾ ಹೊಡೆದರು. ಹೀಗೆ ಉಲ್ಟಾ ಹೊಡೆಯದಂತೆ ಕೋರ್ಟ್ ತಡೆಯುವುದೇ ಎಸ್ಟಾಪೆಲ್. ಆದರೆ ಮಾತು ತಪ್ಪಿದವರ ಮೇಲೆಲ್ಲ ಇದು ನಡೆಯುವುದಿಲ್ಲ.

ಮೊದಲು ಜಗಳ ಕಾನೂನಿನ ಯಾವ ವಿಭಾಗದ್ದು ಅಂತ ನೋಡಿ. ಕಳ್ಳತನ, ಹೊಡೆದಾಟ ಕ್ರಿಮಿನಲ್, ಅಲ್ಲಿ ಇದಕ್ಕೆ ಹೆಚ್ಚು ಕೆಲಸ ಇಲ್ಲ. ಕರಾರು, ಆಸ್ತಿ, ಬಾಡಿಗೆ ಇವೆಲ್ಲ ಸಿವಿಲ್, ಎಸ್ಟಾಪೆಲ್ ಜಾಸ್ತಿ ಓಡಾಡುವುದು ಇಲ್ಲೇ. ಸರ್ಕಾರಿ ಇಲಾಖೆ ಮಾತು ತಪ್ಪಿದ್ದರೆ ಅದು ಆಡಳಿತ ಕಾನೂನು, ದಾರಿ ಕಷ್ಟ: ಕಾನೂನು ಬೇಡ ಅಂದದ್ದನ್ನು ಅಧಿಕಾರಿ ಕೊಡುತ್ತೇನೆ ಅಂದಿದ್ದರೂ ಕೋರ್ಟ್ ಕೊಡಿಸುವುದಿಲ್ಲ. ಇನ್ನು ಹಳೆಯ ಕೇಸಿನಲ್ಲಿ ತೀರ್ಮಾನವಾದ ವಿಷಯವನ್ನೇ ಎದುರಾಳಿ ಮತ್ತೆ ಕೆದಕುತ್ತಿದ್ದರೆ ಅದಕ್ಕೆ ಇಶ್ಯೂ ಎಸ್ಟಾಪೆಲ್ ಅಂತ ಬೇರೆಯೇ ಇದೆ.

ವಿಭಾಗ ಗೊತ್ತಾಯಿತು ಅಂದರೆ, ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳಿ. "ನೋಡೋಣ, ಏನಾದರೂ ಮಾಡೋಣ" ಅನ್ನುವುದು ಭರವಸೆ ಅಲ್ಲ. "ಈ ವರ್ಷ ಅರ್ಧ ಬಾಡಿಗೆ ಸಾಕು" ಅನ್ನುವುದು ಭರವಸೆ.

ಬಾಡಿಗೆ ಅಂದಾಗ ಹೈ ಟ್ರೀಸ್ ಕೇಸ್ ಹೇಳಲೇಬೇಕು. 1937ರಲ್ಲಿ ಲಂಡನ್ನಿನ ಒಂದು ಫ್ಲಾಟ್ ಕಟ್ಟಡವನ್ನು ವರ್ಷಕ್ಕೆ 2500 ಪೌಂಡ್‌ಗೆ ಲೀಸ್ ಕೊಟ್ಟಿದ್ದರು. ಯುದ್ಧ ಬಂತು, ಫ್ಲಾಟ್‌ಗಳು ಖಾಲಿ ಹೊಡೆದವು, 1940ರಲ್ಲಿ ಮಾಲೀಕರು ಅರ್ಧಕ್ಕೆ ಒಪ್ಪಿ ಬರೆದುಕೊಟ್ಟರು. 1945ರಲ್ಲಿ ಕಟ್ಟಡ ತುಂಬಿದ ಮೇಲೆ ಪೂರ್ತಿ ಬಾಡಿಗೆಗೆ ಕೇಸು ಬಿತ್ತು. ನ್ಯಾಯಾಧೀಶ ಡೆನ್ನಿಂಗ್ ಅವರ ಲೆಕ್ಕ ನೇರ: ಕಟ್ಟಡ ತುಂಬಿದ ಮೇಲಿನದ್ದು ಪೂರ್ತಿ ಕೊಡಿ, ಆದರೆ ಖಾಲಿ ಇದ್ದ ವರ್ಷಗಳ ಬಾಕಿಯನ್ನು ಮಾಲೀಕರು ಈಗ ಕೇಳುವ ಹಾಗಿಲ್ಲ. ನನಗೆ ಇದರಲ್ಲಿ ಇಷ್ಟವಾಗುವುದು ಇದೇ, ಮಾತು ಯಾವ ಕಾಲಕ್ಕೆ ಕೊಟ್ಟಿದ್ದೋ ಆ ಕಾಲಕ್ಕಷ್ಟೇ ಕಟ್ಟಿಹಾಕಿದರು.

ಆಮೇಲೆ ಬರುವುದೇ ಬಹಳ ಜನ ಎಡವುವ ಜಾಗ. ಆ ಮಾತು ನಂಬಿ ನೀವು ಏನು ಮಾಡಿದಿರಿ? ಸುಮ್ನೆ ನಂಬಿ ಕೂತಿದ್ದರೆ ಸಾಲದು. ಬೇರೆ ಕೆಲಸ ಬಿಟ್ಟಿರಾ, ಕಟ್ಟಡ ಎಬ್ಬಿಸಿದಿರಾ, ಸಾಲ ಮಾಡಿದಿರಾ? ಬ್ಯಾಂಕ್ ಸ್ಟೇಟ್‌ಮೆಂಟ್, ಬಿಲ್ಲು, ಮೆಸೇಜ್ ಎಲ್ಲ ತಾರೀಖಿನ ಪ್ರಕಾರ ಜೋಡಿಸಿ. ಮಾತು ಮೊದಲು, ಖರ್ಚು ಆಮೇಲೆ ಅಂತ ಕಾಣಬೇಕು. ಖರ್ಚು ಮೊದಲೇ ಆಗಿದ್ದರೆ ಆ ಮಾತು ನಂಬಿ ಮಾಡಿದ್ದು ಅಂತ ಹೇಳುವುದು ಹೇಗೆ, ಅಲ್ವಾ?

ಆಸ್ತಿ ವಿಷಯದಲ್ಲಿ ಕೋರ್ಟ್ ಸ್ವಲ್ಪ ಉದಾರಿ. 2009ರ ಥಾರ್ನರ್ ವಿರುದ್ಧ ಮೇಜರ್ ಕೇಸಿನಲ್ಲಿ ಒಬ್ಬಾತ ಸಂಬಂಧಿಕನ ಫಾರ್ಮಿನಲ್ಲಿ ಸುಮಾರು 30 ವರ್ಷ ಸಂಬಳವಿಲ್ಲದೆ ದುಡಿದಿದ್ದ. ಫಾರ್ಮ್ ನಿನಗೇ ಅಂತ ಮಾಲೀಕ ಬಾಯಿಬಿಟ್ಟು ಹೇಳಿರಲಿಲ್ಲ. ಒಮ್ಮೆ ವಿಮೆಯ ಕಾಗದ ಕೈಗಿಟ್ಟು, ನಾನು ಸತ್ತ ಮೇಲೆ ಕಟ್ಟುವ ತೆರಿಗೆಗೆ ಇದು ಅಂದಿದ್ದ, ಅಷ್ಟೇ. ಆ ಮಿತಭಾಷಿಯ ಬಾಯಲ್ಲಿ ಅದೇ ಸಾಕಷ್ಟು ಸ್ಪಷ್ಟ ಅಂತ, ಆಗ ಇಂಗ್ಲೆಂಡಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಫಾರ್ಮ್ ಕೊಡಿಸಿತು.

ಆದರೆ ಕರಾರಿನ ವಿಷಯದಲ್ಲಿ ಇಂಗ್ಲಿಷ್ ಕೋರ್ಟುಗಳು ಎಸ್ಟಾಪೆಲ್ ಗುರಾಣಿಯೇ ಹೊರತು ಕತ್ತಿಯಲ್ಲ ಅನ್ನುತ್ತವೆ. ನಿಮ್ಮ ಮೇಲೆ ಕೇಸು ಬಂದರೆ ತಡೆಯಲು ಬಳಸಬಹುದು, ಅದನ್ನೇ ಹಿಡಿದು ನೀವಾಗಿ ಕೇಸು ಹಾಕುವಂತಿಲ್ಲ. ಆಸ್ಟ್ರೇಲಿಯಾದಲ್ಲಿ 1988ರಿಂದ ಹಾಕಲೂಬಹುದು. ಹಾಗಾಗಿ ನಿಮ್ಮ ದೇಶದ ನಿಯಮ ಏನು ಅಂತ ವಕೀಲರನ್ನು ಕೇಳಿಯೇ ಮುಂದೆ ಹೋಗಿ.

ರಿಯಾಯಿತಿ ಕೊಡುವವರು ನೀವೇ ಆಗಿದ್ದರೆ, ಅದು ಎಲ್ಲಿಯವರೆಗೆ ಅಂತ ಮೆಸೇಜಿನಲ್ಲೇ ತಾರೀಖು ಹಾಕಿಬಿಡಿ. ತಾರೀಖು ಹಾಕಿಲ್ಲವಾ? ಹಿಂದಕ್ಕೆ ಪಡೆಯುವ ಮೊದಲು ಸಾಕಷ್ಟು ಟೈಮ್ ಕೊಟ್ಟು ನೋಟಿಸ್ ಕಳಿಸಿ.