ಸಂಬಳ ಏರುವುದು ಅಪ್ರೈಸಲ್ ರೂಮಿನಲ್ಲಲ್ಲ

ಅಪ್ರೈಸಲ್ ತಿಂಗಳು ಬಂತೆಂದರೆ ಆಫೀಸಿನಲ್ಲಿ ಎಲ್ಲರ ಮುಖವೂ ಒಂಥರಾ ಆಗಿರುತ್ತದೆ. ಮ್ಯಾನೇಜರ್ ಒಳಗೆ ಕರೆದು, ಬಾಗಿಲು ಮುಚ್ಚಿ, "ಈ ವರ್ಷ ಬಜೆಟ್ ಟೈಟ್" ಎಂದು ಶುರು ಮಾಡುತ್ತಾರೆ. ಹೊರಗೆ ಬಂದವರು ಎರಡು ದಿನ ಗೊಣಗಿ, ಮೂರನೇ ದಿನ ಮತ್ತೆ ಕೋಡ್ ಬರೆಯಲು ಕೂರುತ್ತಾರೆ. ನಾನೂ ಹಲವು ವರ್ಷ ಇದನ್ನೇ ಮಾಡಿದೆ. ಒಂದು ದಿನ ಹಳೇ ಪೇ ಸ್ಲಿಪ್‌ಗಳನ್ನೆಲ್ಲ ಸಾಲಾಗಿ ತೆರೆದು ನೋಡಿದೆ. ಸಂಬಳ ನಿಜಕ್ಕೂ ಜಿಗಿದದ್ದು ಮೂರೇ ಸಲ. ಎರಡು ಸಲ ಕೆಲಸ ಬದಲಿಸಿದಾಗ, ಒಂದು ಸಲ ಪ್ರಮೋಷನ್ ಸಿಕ್ಕಾಗ. ಉಳಿದ ವರ್ಷಗಳ ಹೈಕ್ ಬೆಲೆ ಏರಿಕೆಗೇ ಸರಿಹೋಗಿತ್ತು.

ಅಂದರೆ, ಸಂಬಳ ನಿಗದಿಯಾಗುವ ಗಳಿಗೆಗಳು ಕೆಲವೇ. ಆ ಗಳಿಗೆ ಬಂದಾಗ ಕೈ ಖಾಲಿ ಇರಬಾರದು. ಅದಕ್ಕೆ ಏನೇನು ಮಾಡಬೇಕು, ನೋಡೋಣ.

ಮೊದಲು ಒಂದು ಸಣ್ಣ ಲೆಕ್ಕ

ಇಬ್ಬರು ಒಂದೇ ದಿನ ಕೆಲಸಕ್ಕೆ ಸೇರಿದರು ಅಂದುಕೊಳ್ಳಿ. ಒಬ್ಬರು 100ಕ್ಕೆ ಒಪ್ಪಿಕೊಂಡರು. ಇನ್ನೊಬ್ಬರು ಒಂದು ಮಾತು ಕೇಳಿ 110 ಮಾಡಿಸಿಕೊಂಡರು. ಇಬ್ಬರಿಗೂ ಪ್ರತಿ ವರ್ಷ 8% ಹೈಕ್. 10 ವರ್ಷದಲ್ಲಿ ಎರಡನೆಯವರ ಕೈಗೆ ಒಟ್ಟು ಸುಮಾರು 145 ಜಾಸ್ತಿ ಬಂದಿರುತ್ತದೆ. ಮೊದಲನೆಯವರ ಮೊದಲ ವರ್ಷದ ಸಂಬಳಕ್ಕಿಂತ ಹೆಚ್ಚು! ಹೈಕ್ ಯಾವಾಗಲೂ ಹಿಂದಿನ ಅಂಕಿಯ ಮೇಲೆ ಬರುತ್ತದಲ್ವಾ, ಹಾಗಾಗಿ ಸೇರುವ ದಿನದ ಅಂಕಿ ವರ್ಷಗಟ್ಟಲೆ ಬೆನ್ನು ಬಿಡುವುದಿಲ್ಲ. ನಾನು ಮೊದಲ ಕೆಲಸದ ಆಫರ್‌ಗೆ "ಥ್ಯಾಂಕ್ಯೂ" ಎಂದಷ್ಟೇ ಉತ್ತರಿಸಿದ್ದೆ. ಪಕ್ಕದ ಸೀಟಿನವರು ಕೇಳಿ ಪಡೆದಿದ್ದರು ಎಂದು ಗೊತ್ತಾದದ್ದು ಎರಡು ವರ್ಷದ ಮೇಲೆ.

ಶುಕ್ರವಾರದ ಹತ್ತು ನಿಮಿಷ

ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ. ವಾರದ ಕೊನೆಯಲ್ಲಿ ಹತ್ತು ನಿಮಿಷ ಕೂತು, ಆ ವಾರ ಮಾಡಿದ್ದನ್ನು ಒಂದು ಫೈಲಿನಲ್ಲಿ ಬರೆದಿಡಿ. ಎಲ್ಲವನ್ನೂ ಅಲ್ಲ. ನಿಮ್ಮಿಂದಾಗಿ ಏನು ಬದಲಾಯಿತು ಅನ್ನುವುದನ್ನು ಮಾತ್ರ.

ಹೆಚ್ಚಿನವರು ಬರೆಯುವುದು ಹೀಗೆ: "ಪೇಮೆಂಟ್ ಸರ್ವಿಸ್‌ನ ಪರ್ಫಾರ್ಮೆನ್ಸ್ ಸುಧಾರಿಸಿದೆ." ಇದನ್ನು ಓದಿದವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆದು ನೋಡಿ: "ಪೇಮೆಂಟ್ ಪುಟ ತೆರೆಯಲು 4 ಸೆಕೆಂಡ್ ಹಿಡಿಯುತ್ತಿತ್ತು. ಡೇಟಾಬೇಸ್‌ಗೆ ಒಂದು ಇಂಡೆಕ್ಸ್ ಹಾಕಿ, ಒಂದೇ ಕ್ವೆರಿ ಎರಡು ಸಲ ಓಡುತ್ತಿದ್ದುದನ್ನು ತೆಗೆದೆ. ಈಗ 1.2 ಸೆಕೆಂಡ್. ಅರ್ಧಕ್ಕೇ ಬಿಟ್ಟುಹೋಗುವ ಗ್ರಾಹಕರು ಕಡಿಮೆಯಾದರು." ಮೊದಲು ಎಷ್ಟಿತ್ತು, ನೀವೇನು ಮಾಡಿದಿರಿ, ಈಗ ಎಷ್ಟಾಯಿತು. ಮೂರೂ ಇದೆ.

ಹಳೆಯ ಅಂಕಿಯನ್ನು ಕೆಲಸ ಶುರು ಮಾಡುವ ಮೊದಲೇ ಬರೆದುಕೊಳ್ಳಿ. ಸರಿಪಡಿಸಿದ ಮೇಲೆ ಹುಡುಕಿದರೆ ಅದು ಸಿಗುವುದಿಲ್ಲ, ಲಾಗ್‌ಗಳು ಅಷ್ಟರಲ್ಲಿ ಅಳಿಸಿಹೋಗಿರುತ್ತವೆ. ಕಂಪನಿಯ ಗುಟ್ಟಿನ ಮಾಹಿತಿ, ಕೋಡ್ ಇದರಲ್ಲಿ ಬೇಡ. ಪ್ರಮೋಷನ್ ಅರ್ಜಿ, ರೆಸ್ಯೂಮೆ, ಸಂದರ್ಶನದ ಉತ್ತರ ಮೂರೂ ಮುಂದೆ ಇದೇ ಫೈಲಿನಿಂದ ಬರುತ್ತವೆ.

ಯಾವ ಕೆಲಸಕ್ಕೆ ಕೈ ಎತ್ತಬೇಕು?

ಕಂಪನಿಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳಿ. ಆ ದಾರಿಗೆ ಹತ್ತಿರವಿರುವ ಟೀಮಿನಲ್ಲಿ ಮಾಡಿದ ಸಣ್ಣ ಕೆಲಸವೂ ಮೇಲಿನವರ ಕಣ್ಣಿಗೆ ಬೀಳುತ್ತದೆ. ಯಾರೂ ಬಳಸದ ಒಳಗಿನ ಟೂಲ್ ಅನ್ನು ಎಷ್ಟೇ ಚೆನ್ನಾಗಿ ಬರೆದರೂ ಸುಮ್ನೆ ಬೆನ್ನು ತಟ್ಟಿ ಕಳಿಸುತ್ತಾರೆ.

ಕಲಿಯುವ ವಿಷಯದಲ್ಲಿ ಹೊಸದರ ಹಿಂದೆ ಓಡುವುದೇ ಜಾಣತನ ಎಂದು ನನಗೆ ಅನಿಸುವುದಿಲ್ಲ. ಹಲವು ಸರ್ವರ್‌ಗಳಲ್ಲಿ ಆ್ಯಪ್‌ಗಳನ್ನು ಓಡಿಸಿ ನಿಭಾಯಿಸುವ ಕುಬರ್ನೆಟಿಸ್ ಎಂಬ ಸಾಫ್ಟ್‌ವೇರ್ ಹೊರಬಂದದ್ದು 2014ರಲ್ಲಿ. ಅದನ್ನು ಬೇಗ ಕಲಿತವರಿಗೆ ಬೇಡಿಕೆ ಬಂತು, ನಿಜ. ಆದರೆ 1959ರಲ್ಲಿ ಹುಟ್ಟಿದ ಕೋಬಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇಂದಿಗೂ ಬ್ಯಾಂಕುಗಳಲ್ಲಿ ಓಡುತ್ತಿದೆ, ಅದನ್ನು ಬಲ್ಲವರು ವರ್ಷ ವರ್ಷ ನಿವೃತ್ತರಾಗುತ್ತಿದ್ದಾರೆ. ಬೇಡಿಕೆ ಎಷ್ಟು, ಬಲ್ಲವರು ಎಷ್ಟು, ಇವೆರಡರ ನಡುವಿನ ಅಂತರಕ್ಕೇ ಸಂಬಳ. ಹೊಸತೋ ಹಳತೋ ಆಮೇಲಿನ ಮಾತು.

ಮ್ಯಾನೇಜರ್ ಆದರೆ ಮಾತ್ರ ಸಂಬಳ ಏರುತ್ತದೆ ಅನ್ನುವುದು ಈಗ ಎಲ್ಲ ಕಡೆ ನಿಜವಲ್ಲ. ದೊಡ್ಡ ಕಂಪನಿಗಳಲ್ಲಿ ಸ್ಟಾಫ್, ಪ್ರಿನ್ಸಿಪಲ್ ಎಂದು ಎಂಜಿನಿಯರ್‌ಗಳಿಗೇ ಬೇರೆ ಏಣಿ ಇದೆ. ನಿಮ್ಮಲ್ಲಿ ಆ ಏಣಿ ಇದೆಯೇ, ಅದರ ಮೇಲೆ ಯಾರಾದರೂ ನಿಜವಾಗಿ ಹತ್ತಿದ್ದಾರೆಯೇ ಎಂದು ನೋಡಿ.

ಬೆಲೆ ಕೇಳಿ, ಲೆವೆಲ್ ಕೂಡ ಕೇಳಿ

ನಿಮ್ಮ ಅನುಭವಕ್ಕೆ ಹೊರಗೆ ಎಷ್ಟು ಸಿಗುತ್ತದೆ ಎಂದು ವರ್ಷಕ್ಕೊಮ್ಮೆಯಾದರೂ ತಿಳಿದುಕೊಳ್ಳಿ. ಯಾವ ಕಂಪನಿಯಲ್ಲಿ ಎಷ್ಟು ಸಂಬಳ ಎಂದು ತೋರಿಸುವ ಲೆವೆಲ್ಸ್ ಡಾಟ್ ಎಫ್‌ವೈಐ, ಗ್ಲಾಸ್‌ಡೋರ್ ಸೈಟ್‌ಗಳನ್ನು ನೋಡಿ. ರಿಕ್ರೂಟರ್ ಮೆಸೇಜ್ ಮಾಡಿದರೆ "ಈ ಕೆಲಸಕ್ಕೆ ನಿಮ್ಮ ರೇಂಜ್ ಎಷ್ಟು?" ಎಂದು ಒಂದು ಸಾಲು ಕೇಳಲು ಖರ್ಚೇನೂ ಇಲ್ಲ.

ಇಲ್ಲಿ ಬಹಳ ಜನ ಎಡವುವುದು ಲೆವೆಲ್, ಅಂದರೆ ಕಂಪನಿಯೊಳಗಿನ ಹುದ್ದೆಯ ಮೆಟ್ಟಿಲಿನ ವಿಷಯದಲ್ಲಿ. ಗೂಗಲ್‌ನಲ್ಲಿ ಎಲ್5 ಎಂದರೆ ಸೀನಿಯರ್. ಅಮೆಜಾನ್‌ನಲ್ಲಿ ಅದೇ ಎಲ್5 ಅದಕ್ಕಿಂತ ಕೆಳಗಿನ ಎಸ್‌ಡಿಇ 2 (ಸಾಫ್ಟ್‌ವೇರ್ ಡೆವಲಪ್‌ಮೆಂಟ್ ಎಂಜಿನಿಯರ್ 2). ಅಂಕಿ ಒಂದೇ, ಕುರ್ಚಿ ಬೇರೆ. ಸಂಬಳದ ಮಿತಿ ಲೆವೆಲ್‌ಗೆ ಅಂಟಿಕೊಂಡಿರುವುದರಿಂದ, ಒಂದು ಮೆಟ್ಟಿಲು ಕೆಳಗೆ ಸೇರಿಕೊಂಡು ಎಷ್ಟೇ ಚೌಕಾಸಿ ಮಾಡಿದರೂ ಆ ಮಿತಿ ದಾಟುವುದು ಕಷ್ಟ. ಮೊದಲು ಲೆವೆಲ್ ಇತ್ಯರ್ಥ ಮಾಡಿಕೊಳ್ಳಿ, ದುಡ್ಡಿನ ಮಾತು ಆಮೇಲೆ.

ಆಫರ್ ಬಂದ ದಿನ

ಫೋನಿನಲ್ಲೇ "ಹೂಂ" ಅನ್ನಬೇಡಿ. "ತುಂಬಾ ಸಂತೋಷ, ಪೂರ್ತಿ ವಿವರ ಮೇಲ್ ಮಾಡ್ತೀರಾ? ನೋಡಿ ಎರಡು ದಿನದಲ್ಲಿ ಹೇಳ್ತೀನಿ" ಎಂದರೆ ಸಾಕು. ಆಮೇಲೆ ನಾಲ್ಕು ಅಂಕಿಗಳನ್ನು ಬೇರೆ ಬೇರೆ ಬರೆಯಿರಿ: ಮೂಲ ಸಂಬಳ, ಬೋನಸ್, ಸೇರುವಾಗಿನ ಬೋನಸ್, ಷೇರು. ಬೋನಸ್ ಖಚಿತವೋ, "ಇಷ್ಟರವರೆಗೆ" ಎನ್ನುವುದೋ ಎಂದು ಕೇಳಿ.

ಷೇರನ್ನು ಸಾಮಾನ್ಯವಾಗಿ 4 ವರ್ಷಕ್ಕೆ ಹಂಚುತ್ತಾರೆ. ಬಹಳ ಕಡೆ ಮೊದಲ ವರ್ಷ ತುಂಬುವ ಮುಂಚೆ ಬಿಟ್ಟರೆ ಒಂದೂ ಸಿಗದು. ಹಂಚಿಕೆ ಸಮವಾಗಿಯೂ ಇರಬೇಕಿಲ್ಲ. ಅಮೆಜಾನ್ ಬಹಳ ಕಾಲ ಮೊದಲ ವರ್ಷ 5%, ಎರಡನೇ ವರ್ಷ 15%, ಆಮೇಲೆ 40, 40 ಎಂದು ಕೊಡುತ್ತಿತ್ತು. ಒಟ್ಟು ಮೊತ್ತ ನೋಡಿ ಹಿಗ್ಗುವ ಬದಲು ವರ್ಷಕ್ಕೆಷ್ಟು ಎಂದು ನೋಡಿ. ಇನ್ನೂ ಷೇರು ಮಾರುಕಟ್ಟೆಗೆ ಬಾರದ ಸ್ಟಾರ್ಟಪ್‌ನ ಷೇರನ್ನು ನಾನಂತೂ ಲಾಟರಿ ಟಿಕೆಟ್ ಲೆಕ್ಕಕ್ಕೇ ಹಾಕುತ್ತೇನೆ.

ಕೇಳುವಾಗ ಕಾರಣ, ಅಂಕಿ ಎರಡೂ ಇರಲಿ. ಆಫರ್ 100 ಇದ್ದರೆ ಹೀಗೆ ಹೇಳಿ: "ಕೆಲಸ, ಟೀಮ್ ಎರಡೂ ಇಷ್ಟವಾಗಿದೆ. ಈ ಲೆವೆಲ್‌ಗೆ ಹೊರಗೆ ಸಿಗುತ್ತಿರುವುದನ್ನು ನೋಡಿದರೆ ಮೂಲ ಸಂಬಳ 115 ಸರಿ ಅನಿಸುತ್ತದೆ. ಅಷ್ಟಾದರೆ ಇವತ್ತೇ ಸಹಿ ಮಾಡುತ್ತೇನೆ." ಇಷ್ಟು ಹೇಳಿ ಸುಮ್ಮನಾಗಿ. ಆ ಮೌನವನ್ನು ತಡೆಯಲಾರದೆ "ಆಗದಿದ್ದರೂ ಪರವಾಗಿಲ್ಲ" ಅಂದುಬಿಡುವವರೇ ಜಾಸ್ತಿ. ಇಲ್ಲದ ಇನ್ನೊಂದು ಆಫರ್ ಇದೆ ಎಂದು ಮಾತ್ರ ಹೇಳಬೇಡಿ. ಪತ್ರ ತೋರಿಸಿ ಅಂದರೆ ಏನು ತೋರಿಸುತ್ತೀರಿ?

ರಾಜೀನಾಮೆಗೆ ಮುಂಚೆ

ಹೊಸ ಆಫರ್ ಲಿಖಿತವಾಗಿ ಕೈ ಸೇರುವವರೆಗೆ ಯಾರಿಗೂ ಬಾಯಿ ಬಿಡಬೇಡಿ. ಹೋಗಬೇಡಿ ಎಂದು ಹಳೇ ಕಂಪನಿ ಹೆಚ್ಚಿನ ಸಂಬಳದ ಕೌಂಟರ್ ಆಫರ್ ಕೊಟ್ಟರೆ, ಹೊರಡಲು ಕಾರಣ ಬರೀ ದುಡ್ಡೇ ಆಗಿತ್ತಾ ಎಂದು ಯೋಚಿಸಿ. ಬೇರೆ ಕಾರಣವಿದ್ದರೆ ಸಂಬಳ ಏರಿದರೂ ಅದು ಅಲ್ಲೇ ಕೂತಿರುತ್ತದೆ.

ಕೊನೆಗೆ ಕ್ಯಾಲೆಂಡರ್ ತೆರೆಯಿರಿ. ಬೋನಸ್ ಜಮೆಯಾಗುವುದು ಯಾವತ್ತು? ಮುಂದಿನ ಕಂತು ಷೇರು ಕೈಗೆ ಬರುವುದು ಯಾವತ್ತು? ಸೇರುವಾಗ ಕೊಟ್ಟ ಬೋನಸ್ ವಾಪಸ್ ಕೊಡಬೇಕಾದ ಅವಧಿ ಮುಗಿದಿದೆಯೇ? ಒಮ್ಮೆ ನಾನು ಉತ್ಸಾಹದಲ್ಲಿ ಸೋಮವಾರ ಬೆಳಗ್ಗೆಯೇ ರಾಜೀನಾಮೆ ಮೇಲ್ ಕಳಿಸಿಬಿಟ್ಟೆ. ನೋಟಿಸ್ ಕೊಟ್ಟವರಿಗೆ ಬೋನಸ್ ಇಲ್ಲ ಎಂಬ ಸಾಲು ಆಫರ್ ಲೆಟರಿನ ಮೂರನೇ ಪುಟದಲ್ಲಿತ್ತು. ಬೋನಸ್ ಬರಬೇಕಿದ್ದದ್ದು ಅದೇ ವಾರದ ಶುಕ್ರವಾರ.