ಗೈಡ್ ಹಿಡಿದು ಆಟ ಆಡುವ ಬಗೆ: ಸ್ಟಾರ್‌ಡ್ಯೂ ವ್ಯಾಲಿಯ ಮೊದಲ ವರ್ಷ

ಬೇಸಾಯದ ವಿಡಿಯೊ ಆಟ ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ವಸಂತದ 17ನೇ ದಿನ ಗೊಬ್ಬರವಿಲ್ಲದೆ ಹೂಕೋಸು ಹಾಕಿದರೆ ಒಂದು ಗಡ್ಡೆಯೂ ಕೈಗೆ ಬರುವುದಿಲ್ಲ. ಬೀಜಕ್ಕೆ 80 ಗೋಲ್ಡ್ (ಆಟದ ಹಣ) ಕೊಟ್ಟು, ದಿನಾ ಬೆಳಿಗ್ಗೆ ನೀರುಣಿಸಿ, 28ರ ರಾತ್ರಿ ಮಲಗಿ ಎದ್ದರೆ ಪೈರೆಲ್ಲ ಒಣಗಿ ನಿಂತಿರುತ್ತದೆ. ಹೂಕೋಸಿಗೆ 12 ದಿನ ಬೇಕು, ಋತುವಿಗೆ ಇರುವುದು 28 ದಿನ. 16 ದಾಟಿದ ಮೇಲೆ ಲೆಕ್ಕ ಕೂಡುವುದಿಲ್ಲ. ಬೀಜ ಮಾರುವ ಅಂಗಡಿ ಮಾತ್ರ 17ಕ್ಕೂ ಮಾರುತ್ತದೆ, 27ಕ್ಕೂ ಮಾರುತ್ತದೆ, ತಡೆಯುವುದಿಲ್ಲ. ಆಟದ ದಿನ, ಬೆಲೆ, ಲೆಕ್ಕಗಳನ್ನು ಬರೆದಿಟ್ಟ ಗೈಡ್ ಬೇಕಾಗುವುದು ಇಂಥ ಕಡೆ.

ಹಾಗೆಂದು ಗೈಡನ್ನು ಮೊದಲಿಂದ ಕೊನೆಯವರೆಗೆ ಓದಿ, ಅದು ಹೇಳಿದ ಹಾಗೆಯೇ ದಿನ ದಿನವೂ ಆಡಿದರೆ ಆಟ ಉಳಿಯುವುದಿಲ್ಲ, ಬೇರೆ ಯಾರೋ ಬರೆದ ಪಟ್ಟಿಗೆ ಟಿಕ್ ಹಾಕುವ ಕೆಲಸ ಉಳಿಯುತ್ತದೆ. ರೈತರು ಪಂಚಾಂಗ ನೋಡುವ ಹಾಗೆ ಗೈಡ್ ನೋಡಬೇಕು. ಯಾವ ಮಳೆ ಎಂದಿನಿಂದ, ಯಾವುದಕ್ಕೆ ಕಾಲ ಮೀರುತ್ತದೆ ಎಂಬುದನ್ನು ಅಲ್ಲಿಂದ ತಿಳಿದುಕೊಳ್ಳಬೇಕು. ಹೊಲದಲ್ಲಿ ಏನು ಬೆಳೆಯಬೇಕು ಎಂಬುದು ನಮ್ಮ ತೀರ್ಮಾನ.

ಎರಿಕ್ ಬರೋನ್ ಒಬ್ಬರೇ ಕೂತು ಕಟ್ಟಿದ ಈ ಆಟ ಬಿಡುಗಡೆಯಾದದ್ದು 2016ರ ಫೆಬ್ರುವರಿ 26ರಂದು. ಆಮೇಲೂ ಅದು ಬೆಳೆಯುತ್ತಲೇ ಬಂದಿದೆ. ಗೈಡ್ ಬಳಸುವವರು ಮೊದಲು ಎಡವುವುದೇ ಇಲ್ಲಿ.

ಮೊದಲು ಆವೃತ್ತಿ ಹೊಂದಿಸಿಕೊಳ್ಳಿ

ಆಟದ ಆರಂಭದ ಪರದೆಯಲ್ಲಿ ಆವೃತ್ತಿಯ ಸಂಖ್ಯೆ ಇರುತ್ತದೆ. ಅದನ್ನು ಬರೆದುಕೊಂಡು, ಗೈಡ್ ಯಾವ ಆವೃತ್ತಿಗೆ ಬರೆದದ್ದು ಎಂದು ನೋಡಿ. 2020ರ ಡಿಸೆಂಬರ್‌ನಲ್ಲಿ ಬಂದ 1.5ರಿಂದ ಕಮ್ಯುನಿಟಿ ಸೆಂಟರ್‌ನ (ಊರಿನ ಪಾಳುಬಿದ್ದ ಸಮುದಾಯ ಭವನದ) ಬಂಡಲ್‌ಗಳನ್ನು, ಅಂದರೆ ಅದನ್ನು ಸರಿಪಡಿಸಲು ಒಪ್ಪಿಸಬೇಕಾದ ವಸ್ತುಗಳ ಪಟ್ಟಿಗಳನ್ನು, ‘ರೀಮಿಕ್ಸ್’ ಮಾಡಿ (ಬದಲಿಸಿ) ಆಡುವ ಆಯ್ಕೆ ಇದೆ. ಅದನ್ನು ಒತ್ತಿ ಆಟ ಶುರು ಮಾಡಿದವರ ಬಂಡಲ್‌ಗೂ ಹಳೆಯ ಗೈಡ್‌ನ ಪಟ್ಟಿಗೂ ತಾಳೆಯಾಗುವುದಿಲ್ಲ. 2024ರ ಮಾರ್ಚ್‌ನಲ್ಲಿ ಕಂಪ್ಯೂಟರ್‌ಗೆ, ಅದೇ ವರ್ಷದ ನವೆಂಬರ್‌ನಲ್ಲಿ ಮೊಬೈಲ್‌ಗೆ ಬಂದ 1.6ರಲ್ಲಿ ವಸಂತದ 15ರಿಂದ 17ರವರೆಗೆ ಮರುಭೂಮಿಯ ಹಬ್ಬವೊಂದು ಸೇರಿಕೊಂಡಿತು. ಹಿಂದಿನ ಗೈಡ್‌ಗಳಲ್ಲಿ ಅದರ ಸುಳಿವೇ ಇಲ್ಲ. ಅದೇ ಆವೃತ್ತಿಯ ‘ಮೆಡೋಲ್ಯಾಂಡ್ಸ್’ ಜಮೀನು ಆರಿಸಿಕೊಂಡವರಿಗೆ ಮೊದಲ ದಿನ 15 ಪಾರ್ಸ್ನಿಪ್ (ಒಂದು ಗಡ್ಡೆ ತರಕಾರಿ) ಬೀಜ ಸಿಗುವುದಿಲ್ಲ. ಅದರ ಬದಲು ಕೋಳಿಗೂಡು, ಎರಡು ಕೋಳಿ, 15 ಕಟ್ಟು ಹುಲ್ಲು ಸಿಗುತ್ತವೆ. ‘ಮೊದಲು 15 ಬೀಜ ಬಿತ್ತಿ’ ಎನ್ನುವ ಗೈಡ್ ಓದಿದವರು ಆಟವೇ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಗೈಡ್ ಬರಹ ರೂಪದಲ್ಲಿರಲಿ. ವಿಡಿಯೊ ನೋಡಲು ಚೆಂದ, ಆದರೆ 20 ನಿಮಿಷದ ವಿಡಿಯೊದಲ್ಲಿ ಒಂದು ಬೆಲೆ ಹುಡುಕುವುದು ಕಷ್ಟ. ಕೋಷ್ಟಕವಿರುವ ಪುಟದಲ್ಲಿ ಐದು ಸೆಕೆಂಡ್ ಸಾಕು. ಆಟದ ಅಧಿಕೃತ ವಿಕಿಯಲ್ಲಿ ಪ್ರತಿ ವಸ್ತುವಿನ ಪುಟದ ಕೊನೆಗೂ ಯಾವ ಆವೃತ್ತಿಯಲ್ಲಿ ಏನು ಬದಲಾಯಿತು ಎಂದು ಬರೆದಿರುತ್ತಾರೆ. ಆಟ ಕನ್ನಡದಲ್ಲಿಲ್ಲ, ಆದ್ದರಿಂದ ವಸ್ತುವಿನ ಹೆಸರನ್ನು ಪರದೆಯ ಮೇಲೆ ಇರುವ ಅಕ್ಷರಗಳಲ್ಲೇ ಹುಡುಕಿ.

ಮೊದಲ ನಾಲ್ಕು ದಿನ ಗೈಡ್ ಮುಚ್ಚಿಡಿ, ಎರಡು ಸಂಗತಿ ಮಾತ್ರ ತಿಳಿದಿರಿ

ಊರು ಸುತ್ತಿ. ಯಾರ ಮನೆ ಎಲ್ಲಿ, ನದಿ ಎತ್ತ ಹರಿಯುತ್ತದೆ ಎಂದು ಕಾಲಲ್ಲೇ ಕಲಿಯಿರಿ. ಈ ಸಮಯದಲ್ಲಿ ಆಗುವ ತಪ್ಪುಗಳೆಲ್ಲ ಸರಿಪಡಿಸಬಹುದಾದವು.

ತಿಳಿದಿರಬೇಕಾದ ಮೊದಲನೆಯ ಸಂಗತಿ: ದಾರಿಬದಿಯಲ್ಲಿ ಸಿಗುವ ಡ್ಯಾಫೊಡಿಲ್, ಲೀಕ್, ಡ್ಯಾಂಡಿಲಿಯನ್, ಕಾಡು ಹಾರ್ಸ್‌ರ‍್ಯಾಡಿಶ್ ಈ ನಾಲ್ಕರಲ್ಲಿ ಒಂದೊಂದನ್ನು ಮಾರಬೇಡಿ, ತಿನ್ನಬೇಡಿ. 50 ಕಟ್ಟಿಗೆಯಲ್ಲಿ ಒಂದು ಪೆಟ್ಟಿಗೆ ಮಾಡಿ ಅದರೊಳಗೆ ಇಡಿ. ಕಮ್ಯುನಿಟಿ ಸೆಂಟರ್‌ನ ಬಾಗಿಲು ತೆರೆಯುವುದು 5ನೇ ದಿನ ಅಥವಾ ಆಮೇಲೆ, ಮಳೆಯಿಲ್ಲದ ದಿನ, ಬೆಳಿಗ್ಗೆ 8ರಿಂದ ಮಧ್ಯಾಹ್ನ 1ರೊಳಗೆ ಬಸ್ ನಿಲ್ದಾಣದ ಕಡೆಯಿಂದ ಊರೊಳಗೆ ಹೋದಾಗ. ಅಲ್ಲಿ ಕೇಳುವ ಮೊದಲ ಬಂಡಲ್‌ಗಳಲ್ಲಿ ಈ ನಾಲ್ಕೂ ಇವೆ. ಕೇಳುವವರು ಬರುವ ಮೊದಲೇ ವಸ್ತು ನಿಮ್ಮ ಕೈಗೆ ಬಂದು ಹೋಗಿರುತ್ತದೆ. ಒಂದು ತಪ್ಪಿ ವಸಂತ ಕಳೆದರೆ ಮುಂದಿನ ವಸಂತದವರೆಗೂ ಕಾಯಬೇಕಾಗಬಹುದು.

ಎರಡನೆಯದು: ಮೊದಲ ವರ್ಷ ವಸಂತದ 3ನೇ ದಿನ ಮಳೆ ಖಂಡಿತ. ಆ ದಿನ ನೀರು ಹಾಕುವ ಕೆಲಸವಿಲ್ಲ. 2ನೇ ದಿನ ಮೀನುಗಾರ ವಿಲ್ಲಿಯ ಕಾಗದ ಬಂದಾಗ ಸಮುದ್ರ ತೀರಕ್ಕೆ ಹೋಗಿ ಗಾಳದ ಕೋಲು ಇಸಿದುಕೊಂಡಿದ್ದರೆ ಮಳೆಯ ಇಡೀ ದಿನ ಮೀನಿಗೆ ಸಿಗುತ್ತದೆ.

ಒಂದು ಹಾಳೆ, ಒಂದು ಋತು

5ನೇ ದಿನದ ರಾತ್ರಿ ಕೂತು ವಸಂತದ ಉಳಿದ ದಿನಗಳಿಗೆ ಹಾಳೆ ತಯಾರಿಸಿ. 28 ಚೌಕ ಎಳೆದು, ಮೊದಲು ಹಬ್ಬಗಳನ್ನು ಬರೆಯಿರಿ: 13 ಮೊಟ್ಟೆ ಹಬ್ಬ, 24 ಹೂವಿನ ಕುಣಿತ. ಬೀಜ ಮಾರುವ ಪಿಯರ್‌ನ ಅಂಗಡಿಗೆ ಬುಧವಾರ ರಜೆ, ಉಳಿದ ದಿನ 9ರಿಂದ 5. ಸಂಚಾರಿ ವ್ಯಾಪಾರಿಯ ಸಂತೆ ಗಾಡಿ ಬರುವುದು ಶುಕ್ರವಾರ ಮತ್ತು ಭಾನುವಾರ. ಇವಿಷ್ಟು ತುಂಬಿದ ಮೇಲೆ ಬೆಳೆಗಳ ಕೊನೆಯ ದಿನ.

ಲೆಕ್ಕ ಸುಲಭ: 28ರಲ್ಲಿ ಬೆಳೆಯ ದಿನಗಳನ್ನು ಕಳೆಯಿರಿ. ಪಾರ್ಸ್ನಿಪ್‌ಗೆ 4 ದಿನ, ಕೊನೆಯ ಬಿತ್ತನೆ 24. ಆಲೂಗಡ್ಡೆಗೂ ಕೇಲ್‌ಗೂ 6 ದಿನ, ಕೊನೆಯದು 22. ಹೂಕೋಸಿಗೆ 16. ಆದರೆ ಒಂದು ದಿನ ನೀರು ತಪ್ಪಿದರೆ ಬೆಳೆ ಒಂದು ದಿನ ಹಿಂದೆ ಬೀಳುತ್ತದೆ. 16ಕ್ಕೆ ಹಾಕಿದ ಹೂಕೋಸಿಗೆ ಒಂದೇ ದಿನ ನೀರು ಮರೆತರೂ ಬೀಜದ ದುಡ್ಡು ಹೋಯಿತು. ಎರಡು ದಿನ ಕೈಯಲ್ಲಿಟ್ಟುಕೊಂಡು, 14ನ್ನೇ ಕೊನೆ ಎಂದು ಬರೆದುಕೊಳ್ಳುವುದು ಜಾಣತನ.

ಮತ್ತೆ ಮತ್ತೆ ಫಲ ಕೊಡುವ ಬೆಳೆಯಲ್ಲಿ ಗೈಡ್‌ನ ಕೋಷ್ಟಕವನ್ನು ತಪ್ಪಾಗಿ ಓದುವವರೇ ಹೆಚ್ಚು. ಸ್ಟ್ರಾಬೆರಿ ನೋಡಿ. ಬೀಜ ಸಿಗುವುದು 13ರ ಮೊಟ್ಟೆ ಹಬ್ಬದಲ್ಲಿ, ಒಂದಕ್ಕೆ 100 ಗೋಲ್ಡ್. ಮೊದಲ ಹಣ್ಣಿಗೆ 8 ದಿನ, ಆಮೇಲೆ 4 ದಿನಕ್ಕೊಮ್ಮೆ. ಹಣ್ಣಿನ ಬೆಲೆ 120. ಹಬ್ಬ ಮುಗಿದು ಮನೆ ಸೇರುವಾಗ ರಾತ್ರಿ 10 ಆಗಿರುತ್ತದೆ. ಆ ಕತ್ತಲಲ್ಲೇ ನೆಡಬೇಕು ಎಂದು ಹಲವು ಗೈಡ್‌ಗಳು ಅವಸರ ಮಾಡುತ್ತವೆ. ಲೆಕ್ಕ ಹಾಕಿ: 13ಕ್ಕೆ ನೆಟ್ಟರೆ 21, 25 ಎರಡು ಕೊಯ್ಲು, 16ಕ್ಕೆ ನೆಟ್ಟರೂ 24, 28 ಎರಡೇ ಕೊಯ್ಲು. ಹಬ್ಬದ ರಾತ್ರಿ ನಿದ್ದೆಗೆಡುವ ಅಗತ್ಯವಿಲ್ಲ. ಕೈಯಲ್ಲಿ ದುಡ್ಡು ಮಿಕ್ಕಿದ್ದರೆ ಕೆಲವು ಬೀಜ ಪೆಟ್ಟಿಗೆಯಲ್ಲಿ ಉಳಿಸಿ, ಮುಂದಿನ ವರ್ಷ ವಸಂತದ 1ಕ್ಕೆ ನೆಡಿ. ಆಗ ಐದು ಕೊಯ್ಲು.

ಬೇಸಿಗೆಗೆ ಇದೇ ಲೆಕ್ಕದಲ್ಲಿ ಬ್ಲೂಬೆರಿ. ಬೀಜ 80, ಮೊದಲ ಫಲಕ್ಕೆ 13 ದಿನ, ನಂತರ 4 ದಿನಕ್ಕೊಮ್ಮೆ, ಸಲಕ್ಕೆ ಮೂರು ಹಣ್ಣು, ಒಂದಕ್ಕೆ 50. ಬೇಸಿಗೆಯ 1ಕ್ಕೆ ನೆಟ್ಟರೆ ನಾಲ್ಕು ಕೊಯ್ಲಿಗೆ 12 ಹಣ್ಣು, 600 ಗೋಲ್ಡ್. 7ಕ್ಕೆ ನೆಟ್ಟರೆ ಮೂರೇ ಕೊಯ್ಲು. ಇಲ್ಲಿ ಮಾತ್ರ ಮೊದಲ ಮೂರು ದಿನದೊಳಗೆ ನೆಡುವುದು ಮುಖ್ಯ, ಅದಕ್ಕಾಗಿ ವಸಂತದ ಕೊನೆಯ ವಾರ ದುಡ್ಡು ಕೂಡಿಡಬೇಕು.

ಬೀನ್ಸ್ ಹಂದರದ ಮೇಲೆ ಹಬ್ಬುವ ಬಳ್ಳಿ, ಅದರ ನಡುವೆ ನಡೆದುಹೋಗಲು ಆಗುವುದಿಲ್ಲ. ಚೌಕಾಕಾರದಲ್ಲಿ ತುಂಬ ನೆಟ್ಟರೆ ಒಳಗಿನ ಬಳ್ಳಿಗೆ ಕೈ ಎಟುಕುವುದಿಲ್ಲ. ಎರಡು ಸಾಲು, ಆಚೀಚೆ ದಾರಿ ಬಿಡಿ. ಗಿಡಗಳ ಸಂಖ್ಯೆ 16 ಮುಟ್ಟಿದ ಮೇಲೆ ಕಾಗೆ ಬರಲು ಶುರು. ಆ ಹೊತ್ತಿಗೆ ಬೆರ್ಚಪ್ಪ ನಿಂತಿರಬೇಕು. 50 ಕಟ್ಟಿಗೆ, 1 ಕಲ್ಲಿದ್ದಲು, 20 ನಾರು ಸಾಕು.

ಮೀನಿನ ಪುಟದಲ್ಲಿ ನಾಲ್ಕು ಸಾಲು

ಮೀನು ಸಿಗಲಿಲ್ಲ ಎಂದು ಬೇಸರಿಸುವವರು ಸಾಮಾನ್ಯವಾಗಿ ಜಾಗ ಮಾತ್ರ ನೋಡಿರುತ್ತಾರೆ. ಜಾಗ, ಋತು, ಗಂಟೆ, ಹವಾಮಾನ ನಾಲ್ಕನ್ನೂ ಓದಿ. ಪಫರ್‌ಫಿಶ್ ಬೇಸಿಗೆಯಲ್ಲಿ, ಸಮುದ್ರದಲ್ಲಿ, ಬಿಸಿಲಿರುವಾಗ, ಮಧ್ಯಾಹ್ನ 12ರಿಂದ 4ರವರೆಗೆ ಮಾತ್ರ ಗಾಳಕ್ಕೆ ಬೀಳುತ್ತದೆ. ನಾಲ್ಕರಲ್ಲಿ ಒಂದು ತಪ್ಪಿದರೂ ಇಡೀ ದಿನ ಕೂತರೂ ಇಲ್ಲ.

ಗೈಡ್ ನಿಜಕ್ಕೂ ಕೈ ಹಿಡಿಯುವುದು ಎರಡು ಪುಟಗಳನ್ನು ಜೋಡಿಸಿದಾಗ. ಕ್ಯಾಟ್‌ಫಿಶ್ ವಸಂತ ಮತ್ತು ಶರತ್‌ನಲ್ಲಿ ಮಳೆ ಬರುವಾಗ ನದಿಯಲ್ಲಿ ಸಿಗುತ್ತದೆ. ಈಲ್ ಅದೇ ಎರಡು ಋತುಗಳಲ್ಲಿ, ಅದೇ ಮಳೆಯಲ್ಲಿ, ಸಂಜೆ 4ರ ನಂತರ ಸಮುದ್ರದಲ್ಲಿ. ಎರಡೂ ಬಂಡಲ್‌ಗೆ ಬೇಕು. ಹಾಗಾದರೆ ವಸಂತದ ಒಂದು ಮಳೆಯ ದಿನ ಬೆಳಿಗ್ಗೆ ನದಿ, ಸಂಜೆ ಕಡಲು. ಮನೆಯ ಟಿವಿ ನಾಳೆಯ ಹವಾಮಾನ ಹೇಳುತ್ತದೆ, ಹಿಂದಿನ ದಿನವೇ ಸಿದ್ಧರಾಗಬಹುದು. ಆದರೆ ಕ್ಯಾಟ್‌ಫಿಶ್ ಎಳೆಯುವುದು ಹೊಸಬರಿಗೆ ಕಷ್ಟ. 3ನೇ ದಿನವೇ ಸಿಗುತ್ತದೆ ಎಂದು ಗೈಡ್ ಹೇಳುವುದು ಸುಳ್ಳಲ್ಲ, ಆದರೆ ಅದು ಪಳಗಿದ ಕೈಗೆ ಹೇಳಿದ ಮಾತು. ಸುಲಭದ ಮೀನು ಹಿಡಿದು ಒಂದೆರಡು ಹಂತ ಏರಿದ ಮೇಲೆ ಬರುವ ಮುಂದಿನ ಮಳೆ ಸಾಕು.

ನೀರಿನ ಕ್ಯಾನ್ ಸುಧಾರಿಸುವುದೂ ಹೀಗೆಯೇ. ಕಮ್ಮಾರನಿಗೆ 5 ತಾಮ್ರದ ಗಟ್ಟಿ, 2000 ಗೋಲ್ಡ್ ಕೊಟ್ಟರೆ ಎರಡು ದಿನ ಕ್ಯಾನ್ ಅವನ ಬಳಿ ಇರುತ್ತದೆ. ಒಂದು ಗಟ್ಟಿಗೆ 5 ತಾಮ್ರದ ಅದಿರು, 1 ಕಲ್ಲಿದ್ದಲು. ಟಿವಿ ನಾಳೆ ಮಳೆ ಎಂದ ದಿನ ಬೆಳಿಗ್ಗೆ ಗಿಡಗಳಿಗೆ ನೀರು ಹಾಕಿ, ಆಮೇಲೆ ಕ್ಯಾನ್ ಕೊಡಿ. ಮರುದಿನ ಮಳೆ ನೀರುಣಿಸುತ್ತದೆ, ಮೂರನೆಯ ದಿನ ಕ್ಯಾನ್ ಕೈಯಲ್ಲಿ. ಬೇಸಿಗೆಯ 13 ಮತ್ತು 26ರಂದು ಗುಡುಗು ಮಳೆ ಖಚಿತ, ಆದ್ದರಿಂದ 12 ಅಥವಾ 25ನ್ನು ಮೊದಲೇ ಹಾಳೆಯಲ್ಲಿ ಗುರುತು ಮಾಡಿಟ್ಟುಕೊಳ್ಳಬಹುದು.

ಮರಳಿ ಸಿಗದವು, ಮರಳಿ ಸಿಗುವವು

ಯಾವುದಾದರೂ ಆಯ್ಕೆ ಎದುರಾದಾಗ ಗೈಡ್‌ಗೆ ಕೇಳಬೇಕಾದ ಪ್ರಶ್ನೆ ‘ಯಾವುದು ಒಳ್ಳೆಯದು’ ಎಂಬುದಲ್ಲ, ‘ಇದನ್ನು ಮುಂದೆ ಬದಲಿಸಬಹುದೇ’ ಎಂಬುದು. ಊರಿನ ದೊಡ್ಡ ಕಂಪನಿ ಅಂಗಡಿ ಜೋಜಾದ 5000 ಗೋಲ್ಡ್‌ನ ಸದಸ್ಯತ್ವ ಕೊಂಡರೆ ಕಮ್ಯುನಿಟಿ ಸೆಂಟರ್‌ನ ದಾರಿ ಮುಚ್ಚಿತು, ಮತ್ತೆ ತೆರೆಯುವುದಿಲ್ಲ. ಜಮೀನಿನ ಗುಹೆಯಲ್ಲಿ ಬಾವಲಿ ಇರಲೋ ಅಣಬೆ ಬೆಳೆಯಲೋ ಎಂದು ಕೇಳುವುದು ಒಂದೇ ಸಲ. ಪ್ರಿಸ್ಮ್ಯಾಟಿಕ್ ಶಾರ್ಡ್ ಎಂಬ ಅಪರೂಪದ ಹರಳು ಮೊದಲ ಸಲ ಸಿಕ್ಕಾಗ ಮಾರಬೇಡಿ, ಯಾರಿಗೂ ಉಡುಗೊರೆ ಕೊಡಬೇಡಿ. ಮರುಭೂಮಿಯ ಮೂರು ಕಂಬಗಳ ನಡುವೆ ಅದನ್ನು ಹಿಡಿದು ನಿಂತರೆ ಗ್ಯಾಲಕ್ಸಿ ಕತ್ತಿ ಸಿಗುತ್ತದೆ. ಪುರಾತನ ಬೀಜ ಮೊದಲ ಸಲ ಸಿಕ್ಕಾಗ ಮ್ಯೂಸಿಯಂಗೆ ಕೊಡಿ. ಬದಲಿಗೆ ನೆಡಬಹುದಾದ ಬೀಜವೂ ಅದನ್ನು ತಯಾರಿಸುವ ವಿಧಾನವೂ ಬರುತ್ತವೆ.

ಕೌಶಲದ ಹಂತ 5, 10ರಲ್ಲಿ ಆರಿಸುವ ವೃತ್ತಿಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮುಂದೆ ಚರಂಡಿಯಲ್ಲಿರುವ ಪ್ರತಿಮೆಗೆ 10,000 ಗೋಲ್ಡ್ ಕೊಟ್ಟು ಬದಲಿಸಬಹುದು.

ಒಂದು ಬಂಡಲ್‌ಗೆ ಬೇಕಾದ ಕೆಂಪು ಎಲೆಕೋಸಿನ ಬೀಜವನ್ನು ಪಿಯರ್ ಎರಡನೆಯ ವರ್ಷದಿಂದ ಮಾತ್ರ ಮಾರುತ್ತಾನೆ. ಮೊದಲ ವರ್ಷವೇ ಬಂಡಲ್ ಮುಗಿಸುವ ಹಂಬಲವಿದ್ದರೆ ಸಂತೆ ಗಾಡಿಯನ್ನು ನೆಚ್ಚಿಕೊಳ್ಳಬೇಕು. ಹೊಸ ಆಟ ಶುರು ಮಾಡುವಾಗ ಹೆಚ್ಚುವರಿ ಆಯ್ಕೆಗಳಲ್ಲಿ ‘ಮೊದಲ ವರ್ಷ ಪೂರ್ಣಗೊಳಿಸಬಹುದು’ ಎಂಬ ಖಾತರಿಯ ಚೌಕಕ್ಕೆ ಗುರುತು ಹಾಕಿದ್ದರೆ ಗಾಡಿಗೆ ಅದು ಬಂದೇ ಬರುತ್ತದೆ.

ಆಡುತ್ತಲೇ ಓದುವಾಗ

ಆಟದ ಒಂದು ದಿನ ಬೆಳಿಗ್ಗೆ 6ರಿಂದ ರಾತ್ರಿ 2ರವರೆಗೆ. ನಮ್ಮ ಗಡಿಯಾರದಲ್ಲಿ ಸುಮಾರು 14 ನಿಮಿಷ. ಗೈಡ್ ತೆರೆದು ಕೂತರೆ ಹೊತ್ತು ಓಡುತ್ತದೆ. ಒಬ್ಬರೇ ಆಡುವಾಗ ಮೆನು ತೆರೆದಿಟ್ಟರೆ ಕಾಲ ನಿಲ್ಲುತ್ತದೆ, ಆಮೇಲೆ ಓದಿ. ಜೊತೆಯವರೊಂದಿಗೆ ಆಡುವಾಗ ಮೆನು ತೆರೆದರೂ ನಿಲ್ಲುವುದಿಲ್ಲ. ರಾತ್ರಿ 2ರೊಳಗೆ ಹಾಸಿಗೆ ಸೇರದಿದ್ದರೆ ಕುಸಿದು ಬೀಳುತ್ತೀರಿ, ಕೈಯಲ್ಲಿರುವ ದುಡ್ಡಿನ ಹತ್ತರಲ್ಲೊಂದು ಪಾಲು, ಹೆಚ್ಚೆಂದರೆ 1000 ಗೋಲ್ಡ್ ಹೋಗುತ್ತದೆ. ಕಂಪ್ಯೂಟರ್‌ನಲ್ಲಿ ಆಟ ಸೇವ್ ಆಗುವುದು ಮಲಗಿದಾಗ ಮಾತ್ರ. ಮಾರಬಾರದ್ದನ್ನು ಮಾರಿದಿರಿ ಎಂದು ಅದೇ ದಿನ ಗೈಡ್‌ನಿಂದ ಗೊತ್ತಾದರೆ, ಮಲಗದೆ ಆಟದಿಂದ ಹೊರಬನ್ನಿ. ಅದೇ ಬೆಳಿಗ್ಗೆಗೆ ಮರಳುತ್ತೀರಿ. ಒಂದೇ ಫೋನಿನಲ್ಲಿ ಆಟವನ್ನೂ ಗೈಡನ್ನೂ ನೋಡುವವರು ಆ ದಿನಕ್ಕೆ ಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡೇ ಶುರು ಮಾಡಿ, ಏಕೆಂದರೆ ಮೆಮೊರಿ ಕಡಿಮೆಯಿರುವ ಫೋನು ಹಿಂದಿರುವ ಆಟವನ್ನು ಮುಚ್ಚಿಬಿಡುತ್ತದೆ.

ಊರಿನವರ ಪುಟಗಳನ್ನು ಓದುವಾಗ ಹುಟ್ಟುಹಬ್ಬ ಮತ್ತು ಇಷ್ಟದ ಉಡುಗೊರೆಯ ಸಾಲಿಗೆ ನಿಲ್ಲಿ. ಕೆಳಗೆ ಇಳಿದರೆ ಅವರ ಮನೆಯೊಳಗಿನ ಕತೆಯೆಲ್ಲ ಬರೆದಿರುತ್ತದೆ, ಮತ್ತು ಈ ಆಟದ ಜೀವ ಇರುವುದೇ ಆ ಕತೆಗಳಲ್ಲಿ. ವಾರಕ್ಕೆ ಒಬ್ಬರಿಗೆ ಎರಡು ಉಡುಗೊರೆ ಕೊಡಬಹುದು, ಹುಟ್ಟುಹಬ್ಬದ ದಿನ ಕೊಟ್ಟದ್ದಕ್ಕೆ ಎಂಟು ಪಟ್ಟು ಬೆಲೆ. ಯಾರಿಗೆ ಏನು ಇಷ್ಟ ಎಂಬುದನ್ನೂ ಅವರ ಮಾತು ಕೇಳಿ ಊಹಿಸಿ ನೋಡಿ. ಎರಡು ಸಲ ತಪ್ಪಿದ ಮೇಲೆ ಗೈಡ್ ತೆರೆಯಿರಿ.

‘ಮೊದಲ ವರ್ಷದಲ್ಲೇ ಎಲ್ಲ ಮುಗಿಸಿ’ ಎನ್ನುವ ಗೈಡ್‌ಗಳು ಬೇಕಾದಷ್ಟಿವೆ. ನಿಮಗೆ ಈ ಜಮೀನು ಬಿಟ್ಟು ತೀರಿಹೋದ ಅಜ್ಜನ ಆತ್ಮ ಬಂದು ಅದನ್ನು ನೋಡುವುದು ಮೂರನೆಯ ವರ್ಷದ ಆರಂಭದಲ್ಲಿ. 21ರಲ್ಲಿ 12 ಅಂಕ ಬಂದರೆ ನಾಲ್ಕು ದೀಪವೂ ಉರಿಯುತ್ತವೆ. ಕಡಿಮೆ ಬಂದರೆ, ಕೊರತೆಯಾದದ್ದನ್ನು ತುಂಬಿಕೊಂಡು, ಜಮೀನಿನ ಮೂಲೆಯಲ್ಲಿರುವ ಅಜ್ಜನ ಗುಡಿಯಲ್ಲಿ ಒಂದು ವಜ್ರ ಇಡಿ. ಆತ ಮತ್ತೊಮ್ಮೆ ಬಂದು ನೋಡುತ್ತಾನೆ.