ಇಳಿಜಾರು ಹಿಡಿದು ಬಸವನಗುಡಿಯಲ್ಲಿ ಒಂದು ದಿನ

ಬಸವನಗುಡಿಯಲ್ಲಿ ಬಹುಕಾಲದಿಂದ ವಾಸವಾಗಿದ್ದರೂ ಇಲ್ಲಿನ ರಸ್ತೆಗಳು ನನಗೆ ಪರಿಚಯವಾಗಿದ್ದದ್ದು ಕೆಲಸಗಳ ಮೂಲಕವೇ. ಗಾಂಧಿಬಜಾರೆಂದರೆ ಹೂವು, ತರಕಾರಿ, ಗ್ರಂಥಿಗೆ ಅಂಗಡಿ, ಡಿ.ವಿ.ಜಿ. ರಸ್ತೆಯೆಂದರೆ ಬಟ್ಟೆಬರೆ, ಬುಲ್ ಟೆಂಪಲ್ ರಸ್ತೆಯೆಂದರೆ ಬಸ್ಸು. ಯಾವ ಕೆಲಸವನ್ನೂ ಹಚ್ಚಿಕೊಳ್ಳದೆ, ಯಾರನ್ನೂ ಜೊತೆಗೆ ಕರೆಯದೆ, ಇಡೀ ದಿನವನ್ನು ಈ ಬಡಾವಣೆಯಲ್ಲೇ ನಿಧಾನವಾಗಿ ಕಳೆಯಬೇಕೆಂಬ ಆಸೆ ಮಾತ್ರ ಮೊದಲಿನಿಂದಲೂ ಇತ್ತು. ಗೊತ್ತುಗುರಿಯಿಲ್ಲದೆ ಅಲೆಯುವುದು ಪರಊರಿನಲ್ಲಿ ಸುಲಭ. ಸ್ವಂತ ಬಡಾವಣೆಯಲ್ಲಿ ಹಾಗೆ ಹೊರಟರೆ ಕಾಲು ತಾನಾಗಿಯೇ ಹಾಲಿನ ಬೂತಿನ ಕಡೆಗೆ ತಿರುಗುತ್ತದೆ. ನೋಡಬೇಕಾದ ಜಾಗಗಳ ಪಟ್ಟಿ ಮಾಡಿಕೊಂಡರೆ ಅದು ಪ್ರವಾಸಿಗರ ಓಟವಾಗಿಬಿಡುತ್ತದೆ. ಆದ್ದರಿಂದ ಇಡೀ ದಿನಕ್ಕೆ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡೆ: ಇಲ್ಲಿ ಬಿದ್ದ ನೀರು ಯಾವ ಕಡೆಗೆ ಹರಿದುಹೋಗುತ್ತದೆ?

ಈ ಪ್ರಶ್ನೆಗೆ ಕಾರಣವಿದೆ. ಬೆಂಗಳೂರು ನದಿಯ ದಡದ ಮೇಲಲ್ಲ, ದಿಣ್ಣೆಯ ಮೇಲೆ ಬೆಳೆದ ಊರು. ಬಸವನಗುಡಿಯ ಪಶ್ಚಿಮದ ಇಳಿಜಾರಿನ ನೀರು ವೃಷಭಾವತಿಯನ್ನು ಸೇರಿ, ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಪೂರ್ವದ ಇಳಿಜಾರಿನ ನೀರು ಲಾಲ್‌ಬಾಗಿನ ಕಡೆಗೆ ಇಳಿದು, ಕೋರಮಂಗಲ ಕಣಿವೆ, ಬೆಳ್ಳಂದೂರು ಮತ್ತು ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಇದನ್ನು ನಕ್ಷೆಯಲ್ಲಿ ನೋಡಿ ತಿಳಿದಿದ್ದೆ. ಕಾಲಿಗೆ ತಿಳಿಯುವಂತೆ ಒಮ್ಮೆ ನಡೆದು ನೋಡಬೇಕಾಗಿತ್ತು.

ಫೆಬ್ರವರಿಯ ಒಂದು ಕೆಲಸದ ದಿನವನ್ನು ಆರಿಸಿಕೊಂಡೆ. ಭಾನುವಾರ ನೆಂಟರು, ಪರಿಚಿತರು ಹೆಜ್ಜೆಹೆಜ್ಜೆಗೂ ಸಿಗುವುದರಿಂದ ಒಂಟಿತನ ಉಳಿಯುವುದಿಲ್ಲ. ಸ್ಕೂಟರಿನ ಕೀಲಿಯನ್ನು ಮೊಳೆಗೆ ನೇತುಹಾಕಿ, ಸಂಜೆಯವರೆಗೆ ಬರುವುದಿಲ್ಲವೆಂದು ಮನೆಯಲ್ಲಿ ಹೇಳಿ ಹೊರಟೆ. ಕೈಚೀಲವನ್ನು ಬೇಕೆಂದೇ ಒಯ್ಯಲಿಲ್ಲ. ಚೀಲವಿದ್ದರೆ ಕೊತ್ತಂಬರಿ ಸೊಪ್ಪಾದರೂ ಅದರೊಳಗೆ ಬಂದು ಕೂರುತ್ತದೆ. ಜೇಬಿನಲ್ಲಿ ಚಿಕ್ಕ ಪುಸ್ತಕ, ಪೆನ್ಸಿಲು, ಒಂದಿಷ್ಟು ಚಿಲ್ಲರೆ ಇತ್ತು. ಮೊಬೈಲ್ ಇತ್ತಾದರೂ ಅದರ ಬಾಯಿ ಮುಚ್ಚಿಸಿದ್ದೆ.

ಸುಬ್ಬರಾಮ ಚೆಟ್ಟಿ ರಸ್ತೆಯ ಆಚೀಚಿನ ಅಡ್ಡರಸ್ತೆಗಳಲ್ಲಿ ಆರೂವರೆಯ ಹೊತ್ತಿಗೆ ಮನೆಗಳ ಮುಂದೆ ನೀರು ಹಾಕಿ ಗುಡಿಸುವ ಕೆಲಸ ನಡೆದಿರುತ್ತದೆ. ಮಳೆಯಿಲ್ಲದ ಕಾಲದಲ್ಲಿ ನೆಲದ ವಾಟವನ್ನು ತಿಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಹಿರಿಯ ಹೆಂಗಸೊಬ್ಬರು ಬಕೆಟ್ಟಿನಿಂದ ಎರಚಿದ ನೀರು ಮೊದಲು ಗೇಟಿನ ಮುಂದಿನ ಕಲ್ಲುಚಪ್ಪಡಿಗಳ ಸಂದಿಯಲ್ಲಿ ನಿಂತಿತು. ಸಂದಿ ತುಂಬಿದ ಮೇಲೆ ಅಂಚು ದಾಟಿ, ಹೊಂಗೆಯ ತರಗೆಲೆಯೊಂದನ್ನು ಮುಂದಕ್ಕೆ ನೂಕುತ್ತ, ಟಾರಿನ ಮೇಲೆ ಎರಡು ಬೆರಳಗಲದ ಗೆರೆಯಾಗಿ ಪೂರ್ವಕ್ಕೆ ಹೊರಟಿತು. ರಸ್ತೆ ಅಗೆದು ಮುಚ್ಚಿದ ಕಡೆ ಸ್ವಲ್ಪ ತಡವರಿಸಿ, ಪಕ್ಕಕ್ಕೆ ಸರಿದು, ಮತ್ತೆ ಅದೇ ದಿಕ್ಕನ್ನು ಹಿಡಿಯಿತು. ತಲೆ ತಗ್ಗಿಸಿ ಅದರ ಜೊತೆಗೆ ನಡೆಯುತ್ತಿದ್ದ ನನ್ನನ್ನು ಆಕೆ ಸುಮ್ಮನೆ ಬಿಡಲಿಲ್ಲ.

“ಏನ್ರೀ, ಏನಾದ್ರೂ ಬೀಳಿಸ್ಕೊಂಡ್ರಾ?”

“ಇಲ್ಲಮ್ಮಾ, ನೀರು ಎತ್ಲಾಗೆ ಹೋಗತ್ತೆ ಅಂತ ನೋಡ್ತಿದೀನಿ.”

“ಅದಕ್ಕೆ ನೋಡೋದೇನಿದೆ? ಮಳೆ ಬಂದ್ರೆ ಎಲ್ಲಾ ಆ ಮೂಲೆಮನೆ ಕಾಂಪೌಂಡಿಗೇ” ಎಂದು ಅವರು ಪೊರಕೆಯಿಂದಲೇ ತೋರಿಸಿದರು. ನನ್ನ ಪುಸ್ತಕದಲ್ಲಿ ಆ ದಿನ ಬರೆದುಕೊಂಡ ಮೊದಲ ಸಾಲು ಅದು.

1898ರ ಪ್ಲೇಗಿನಲ್ಲಿ ಪೇಟೆಯ ಇಕ್ಕಟ್ಟಾದ ಕೇರಿಗಳು ತತ್ತರಿಸಿದ ಮೇಲೆ, ಗಾಳಿ ಬೆಳಕು ಚೆನ್ನಾಗಿ ಆಡುವಂತೆ ಬೆಳೆಸಿದ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಅಗಲವಾದ ರಸ್ತೆಗಳಷ್ಟೇ ಮುಖ್ಯವಾಗಿದ್ದವು ಮನೆಗಳ ಬೆನ್ನಿಗೆ ಹಾದುಹೋಗುವ ಕನ್ಸರ್ವೆನ್ಸಿ ಗಲ್ಲಿಗಳು, ಎಂದರೆ ಕಸಕೊಳೆಯನ್ನು ಹಿಂದಿನಿಂದಲೇ ಸಾಗಿಸಲು ಬಿಟ್ಟ ಓಣಿಗಳು. ಅವುಗಳಲ್ಲಿ ಹಲವು ಇಂದು ಮುಚ್ಚಿಹೋಗಿವೆ, ಕೆಲವು ಕಾರು ನಿಲ್ಲಿಸುವ ಜಾಗಗಳಾಗಿವೆ. ಆದರೂ ಅಂತಹ ಒಂದೆರಡರೊಳಗೆ ಹೊಕ್ಕು ನಡೆದರೆ, ಮನೆಗಳು ರಸ್ತೆಗೆ ತೋರಿಸದ ಬೆನ್ನು ಕಾಣುತ್ತದೆ: ಹಳೆಯ ಸುಣ್ಣದ ಗಾರೆ, ಬಚ್ಚಲಿನ ತೂಬು, ಗೋಡೆಯಾಚೆಗೆ ಬಾಗಿದ ನುಗ್ಗೆಮರ. ತಮ್ಮ ಬಡಾವಣೆಯನ್ನು ನೋಡಲು ಹೊರಡುವವರಿಗೆ ನಾನು ಮೊದಲು ಹೇಳುವುದೇ ಇದನ್ನು, ಮುಂಬಾಗಿಲ ರಸ್ತೆಗಿಂತ ಮುಂಚೆ ಹಿತ್ತಲ ಓಣಿಯನ್ನು ನೋಡಿ ಎಂದು.

ತಿಂಡಿಗೆ 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನಕ್ಕೆ ಹೋದೆ. ಒಬ್ಬನೇ ಹೋಗುವುದರ ಲಾಭ ಇಲ್ಲಿ ತಿಳಿಯುತ್ತದೆ. ಸಂಸಾರಸಮೇತ ಬಂದವರು ಕಾಯುತ್ತಿರುವಾಗ ಯಾವುದೋ ಮೇಜಿನ ತುದಿಯ ಒಂಟಿ ಕುರ್ಚಿ ಒಂಟಿಯವನಿಗೇ ಸಿಗುತ್ತದೆ. ತೋಳಿನುದ್ದಕ್ಕೂ ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು ಬರುವ ಮಾಣಿಯನ್ನು ನೋಡುತ್ತ, ಎದುರಿಗೆ ಕುಳಿತ ಅಪರಿಚಿತರೊಡನೆ ಒಂದು ಮಾತನ್ನೂ ಆಡದೆ, ಎರಡನೆಯ ಕಾಫಿಯನ್ನೂ ಮುಗಿಸಿ ಎದ್ದೆ.

ಗಾಂಧಿಬಜಾರಿನಿಂದ ಬುಲ್ ಟೆಂಪಲ್ ರಸ್ತೆಯ ಕಡೆಗೆ ನಡೆದರೆ ನೆಲ ಏರುತ್ತದೆ. ಸ್ಕೂಟರಿನಲ್ಲಿ ಹೋಗುವಾಗ ಈ ಏರು ಗಮನಕ್ಕೆ ಬರುವುದೇ ಇಲ್ಲ. ನಡೆಯುವಾಗ ಮೊಣಕಾಲು ಹೇಳುತ್ತದೆ. ಏರಿನ ತುದಿಯಲ್ಲಿರುವುದು ಕಹಳೆ ಬಂಡೆ. ಹಿಂದೆ ಇಲ್ಲಿ ಕಾವಲಿನವರು ಕಹಳೆ ಊದುತ್ತಿದ್ದರಂತೆ. ಲಾಲ್‌ಬಾಗಿನ ಗುಡ್ಡದಂತೆ ಇದೂ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯ, ನೈಸ್ (gneiss) ಎಂಬ ಪಟ್ಟೆಪಟ್ಟೆಯ ಶಿಲೆ. ಸೂರ್ಯ ಏರುವ ಮೊದಲು ಕೈಯಿಟ್ಟರೆ ತಣ್ಣಗಿರುತ್ತದೆ. ಹತ್ತಿರದಿಂದ ನೋಡಿದರೆ ಬಿಳಿ ಮತ್ತು ಬೂದು ಬಣ್ಣದ ಪಟ್ಟೆಗಳು ಬಳುಕುತ್ತ ಸಾಗಿ, ಒಂದು ಕಡೆ ಬೆರಳಿನಷ್ಟು ದಪ್ಪವಾಗಿ, ಇನ್ನೊಂದು ಕಡೆ ದಾರದಷ್ಟು ಸಣ್ಣಗಾಗುತ್ತವೆ. ಮೇಲಿನ ಮರಗಳಲ್ಲಿ ಬಾವಲಿಗಳ ಜಗಳ ನಡೆದೇ ಇತ್ತು. ಬಂಡೆಯ ಮೇಲೆ ಬಿದ್ದ ನೀರು ಒಳಗೆ ಇಂಗಲಾರದೆ ಜಾರಿಹೋಗಲೇಬೇಕಲ್ಲ. ಹಾಗೆ ಜಾರುವಾಗ ಅದು ಯಾವ ಮಗ್ಗುಲಿಗೆ ಬೀಳುತ್ತದೆ ಎಂಬುದರ ಮೇಲೆ ಅದರ ನದಿ ತೀರ್ಮಾನವಾಗುತ್ತದೆ.

ಪಕ್ಕದಲ್ಲೇ ದೊಡ್ಡ ಬಸವನ ಗುಡಿ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದೆಂದು ಹೇಳುವ ಈ ಗುಡಿಯ ಏಕಶಿಲೆಯ ಬಸವ ಸುಮಾರು 15 ಅಡಿ ಎತ್ತರವಿದೆ. ಕಡಲೆಕಾಯಿ ಹೊಲವನ್ನು ಮೇಯುತ್ತಿದ್ದ ಬಸವನ ಕತೆಯೂ, ಕಾರ್ತಿಕ ಮಾಸದ ಕಡೆಯ ಸೋಮವಾರದ ಪರಿಷೆಯೂ ಎಲ್ಲರಿಗೂ ಗೊತ್ತಿರುವವೇ. ಆ ದಿನ ನನಗೆ ಬೇಕಾಗಿದ್ದದ್ದು ಇನ್ನೊಂದು ಪ್ರತೀತಿ, ವೃಷಭಾವತಿ ಈ ಬಸವನ ಪಾದದಲ್ಲಿ ಹುಟ್ಟುತ್ತಾಳೆ ಎಂಬುದು. ದಿಣ್ಣೆಯ ನೆತ್ತಿಯನ್ನು ಗುರುತಿಸಿ, ಅಲ್ಲಿಂದ ನದಿಯನ್ನು ಹೊರಡಿಸಿದ ಹಿರಿಯರಿಗೆ ನೆಲದ ಲೆಕ್ಕ ಚೆನ್ನಾಗಿ ತಿಳಿದಿತ್ತೆಂದೇ ನನ್ನ ಭಾವನೆ. ಅದೇ ರಸ್ತೆಯ ರಾಮಕೃಷ್ಣ ಆಶ್ರಮದೊಳಗೂ ಒಂದು ಬಂಡೆಯಿದೆ. 1911ರಲ್ಲಿ ಬೆಂಗಳೂರಿಗೆ ಬಂದಿದ್ದ ಶಾರದಾದೇವಿಯವರು ಅದರ ಮೇಲೆ ಕುಳಿತಿದ್ದರು. ಗುಡಿಗಳೂ ಆಶ್ರಮವೂ ಮಧ್ಯಾಹ್ನ ಬಾಗಿಲು ಹಾಕುವುದರಿಂದ ಇವನ್ನೆಲ್ಲ ಬೆಳಗಿನ ಪಾಲಿಗೆ ಇಟ್ಟುಕೊಂಡಿದ್ದೆ.

ಅಲ್ಲಿಂದ ಪಶ್ಚಿಮಕ್ಕೆ, ಗವಿಪುರದ ಕಡೆಗೆ ಇಳಿದೆ. ಈ ಮಗ್ಗುಲಿನ ಇಳಿಜಾರು ಕಡಿದು. ಗವಿ ಗಂಗಾಧರೇಶ್ವರ ಇದೇ ಬಂಡೆಯ ಹೊಟ್ಟೆಯಲ್ಲಿರುವ ಗುಹಾಲಯ. ಮಕರ ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವುದು ಪಡುವಣದ ಇಳಿಬಿಸಿಲು. ದಿಣ್ಣೆಯ ಈ ಮಗ್ಗುಲಿನಲ್ಲಲ್ಲದೆ ಆ ಮಗ್ಗುಲಿನಲ್ಲಿ ಗವಿ ಇದ್ದಿದ್ದರೆ ಈ ಬಿಸಿಲು ಅದರೊಳಗೆ ಬರುತ್ತಿರಲಿಲ್ಲ. ಇನ್ನೂ ಕೆಳಗೆ ಹೋದರೆ ಕೆಂಪಾಂಬುಧಿ ಕೆರೆ. ಅದರ ಬಳಿ ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳಲ್ಲಿ ಒಂದಿದೆ. ದಂಡೆಯ ಮೇಲೆ ಸ್ವಲ್ಪ ಹೊತ್ತು ಕುಳಿತೆ. ವೃಷಭಾವತಿ ಇಂದು ನಗರದ ಕೊಳೆಯನ್ನು ಹೊರುವ ಕಾಲುವೆಯಾಗಿರುವುದು ಗೊತ್ತಿದ್ದ ವಿಷಯವೇ ಆದರೂ, ಅದರ ದಾರಿಯನ್ನು ನೆತ್ತಿಯಿಂದ ನಡೆದು ಬಂದ ಮೇಲೆ ಆ ಸಂಗತಿ ನನಗೆ ಮೊದಲಿಗಿಂತ ಹೆಚ್ಚು ಸಿಟ್ಟು ತಂದಿತು.

ಮತ್ತೆ ದಿಣ್ಣೆ ಹತ್ತಿ ಬರುವಷ್ಟರಲ್ಲಿ ಬಿಸಿಲು ಬಲಿತಿತ್ತು. ಊಟಕ್ಕೆ ಮನೆಗೆ ಹೋಗುವ ಆಸೆಯನ್ನು ತಡೆದುಕೊಂಡೆ. ಹೋಗಿದ್ದರೆ ದಿನ ಅಲ್ಲಿಗೇ ಮುಗಿಯುತ್ತಿತ್ತು. ಹೋಟೆಲೊಂದರಲ್ಲಿ ಅನ್ನ ಸಾರು ಉಂಡು ಪೂರ್ವ ಆಂಜನೇಯ ದೇವಸ್ಥಾನದ ಬೀದಿಗೆ ಹೋದೆ. ಅಲ್ಲಿನ ದೇವರ ಹೆಸರು ಕಾರಂಜಿ ಆಂಜನೇಯ. ಕಾರಂಜಿ ಎಂಬ ಕೆರೆ ಇಲ್ಲಿತ್ತು. ಈಗ ಕೆರೆಯಿಲ್ಲ, ಹನುಮಂತನ ಹೆಸರಿನಲ್ಲಷ್ಟೇ ಉಳಿದಿದೆ. ಸುತ್ತಲಿನ ರಸ್ತೆಗಳು ಸ್ವಲ್ಪಸ್ವಲ್ಪವೇ ತಗ್ಗುತ್ತ ಹೋಗುವುದನ್ನು ಕಂಡಾಗ, ನೀರು ನಿಂತಿದ್ದ ಜಾಗದ ಅಂದಾಜು ಈಗಲೂ ಸಿಗುತ್ತದೆ. ನಂತರ ಬಿ.ಪಿ. ವಾಡಿಯಾ ರಸ್ತೆಯಲ್ಲಿರುವ, 1945ರಲ್ಲಿ ಸ್ಥಾಪನೆಯಾದ ವಿಶ್ವ ಸಂಸ್ಕೃತಿ ಸಂಸ್ಥೆಯ ಮುಂದೆ ಹಾದು, ಎಂ.ಎನ್. ಕೃಷ್ಣರಾವ್ ಉದ್ಯಾನದ ನೆರಳಿನಲ್ಲಿ ಬೆಂಚೊಂದನ್ನು ಹಿಡಿದೆ. ಅಲ್ಲಿ ಏನನ್ನೂ ಮಾಡಲಿಲ್ಲ. ಪಕ್ಕದ ಬೆಂಚಿನಲ್ಲಿ ನಿವೃತ್ತರಿಬ್ಬರು ಪಿಂಚಣಿಯ ವಿಷಯದಲ್ಲಿ ವಾದಿಸುತ್ತಿದ್ದದ್ದನ್ನು ಕೇಳುತ್ತಲೇ ನಿದ್ದೆ ಬಂದಿತ್ತು.

ಬಿಸಿಲು ಇಳಿದ ಮೇಲೆ ಕ್ರುಂಬಿಗಲ್ ರಸ್ತೆಯನ್ನು ಹಿಡಿದೆ. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಹೂಮರ ಬಾಡುವಷ್ಟರಲ್ಲಿ ಇನ್ನೊಂದು ಅರಳುವಂತೆ ನೆಡಿಸಿದ ಜರ್ಮನಿಯ ತೋಟಗಾರಿಕೆ ತಜ್ಞರ ಹೆಸರು ಅದಕ್ಕಿದೆ. ಟಿಕೆಟ್ ಪಡೆದು ಲಾಲ್‌ಬಾಗಿನ ಪಶ್ಚಿಮ ದ್ವಾರದಿಂದ ಒಳಗೆ ಹೋಗಿ, ಗಾಜಿನ ಮನೆಯ ಕಡೆಗೆ ತಿರುಗದೆ ನೇರವಾಗಿ ಕೆರೆಯ ಏರಿಗೆ ನಡೆದೆ. ಬೆಳಿಗ್ಗೆ ತರಗೆಲೆಯನ್ನು ನೂಕಿಕೊಂಡು ಹೋದ ನೀರಿನ ದಿಕ್ಕು ಇದೇ. ಪಶ್ಚಿಮದ ನೀರು ಕನಕಪುರದ ಸಂಗಮದಲ್ಲಿ ಕಾವೇರಿಯನ್ನು ಕೂಡಿ, ಇತ್ತಣ ನೀರು ಪಿನಾಕಿನಿಯ ಹಾದಿ ಹಿಡಿದು, ಎರಡೂ ತಮಿಳುನಾಡನ್ನು ದಾಟಿ ಬಂಗಾಳ ಕೊಲ್ಲಿಯನ್ನೇ ಸೇರುತ್ತವೆ.

ನೆಟ್ಟಕಲ್ಲಪ್ಪ ವೃತ್ತದ ಆಸುಪಾಸಿನಲ್ಲಿ ಮಾತ್ರ ನೆಲ ಎತ್ತ ವಾಲುತ್ತದೆಂಬುದು ಆ ದಿನ ಬಗೆಹರಿಯಲಿಲ್ಲ. ಅಲ್ಲಿ ರಸ್ತೆಯನ್ನು ಮತ್ತೆಮತ್ತೆ ಎತ್ತರಿಸಿರುವುದರಿಂದ ಬಕೆಟ್ಟಿನ ನೀರು ಸಾಕ್ಷಿ ಹೇಳುವುದಿಲ್ಲ. ಮುಂಗಾರಿನ ಮೊದಲ ಜೋರು ಮಳೆಗೆ ಕೊಡೆ ಹಿಡಿದು ಅಲ್ಲಿಗೆ ಹೋಗಿ ನಿಲ್ಲಬೇಕೆಂದಿದ್ದೇನೆ.